ಕರಿಬಸಣ್ಣ ಬಿಚ್ಚಿದ ಗಂಟು

ಕಂಡಕ್ಟರ್ ಕರಿಬಸಣ್ಣನವರಿಗೆ ಪ್ರಯಾಣಿಕರ ಮುಖಕ್ಕಿಂತ ಅವರ ಗಂಟುಮೂಟೆಯ ಮೇಲೆ ಹೆಚ್ಚು ಕಣ್ಣು. ಚೀಲದಿಂದ ಇಣುಕುವ ಸೊಪ್ಪು, ಚಪ್ಪಲಿಗೆ ಮೆತ್ತಿದ ಮಣ್ಣು, ಬುತ್ತಿಯ ವಾಸನೆ, ಇಷ್ಟು ಸಿಕ್ಕರೆ ಊರು ಹೇಳಿಬಿಡುತ್ತಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊನ್ನಾಳಿಯಿಂದ ನ್ಯಾಮತಿಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹೋಗುತ್ತಿದ್ದದ್ದು ಅವರ ಬಸ್ಸಿನಲ್ಲಿ. ಚನ್ನಗಿರಿಯಿಂದ ಬರುತ್ತಿದ್ದ ಖಾಸಗಿ ಬಸ್ಸು ಅದು. ಮೊದಲ ದಿನವೇ ನನ್ನ ಡಬ್ಬಿಯ ಕಡೆ ಮೂಗು ಚಾಚಿ, "ಟೀಚರಮ್ಮ, ನೀವು ಹೊನ್ನಾಳಿಗೆ ಸೊಸೆಯಾಗಿ ಬಂದೋರು. ಉಪ್ಪಿನಕಾಯಿಗೆ ಇಷ್ಟು ಇಂಗು ಈ ಕಡೆ ಯಾರೂ ಹಾಕಂಗಿಲ್ಲ" ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಮಾತು ನಿಜವಾಗಿತ್ತು.

ಅದೊಂದು ಸುಗ್ಗಿಯ ಕಾಲ. ಭತ್ತ ಕೊಯ್ಯಲು ಬಂದ ಚನ್ನಗಿರಿ ಕಡೆಯವರು ಮುಂದಿನ ಸೀಟುಗಳಿಂದ ಎದ್ದು ಹೊನ್ನಾಳಿಯಲ್ಲಿ ಇಳಿದರು. ಜಗಳೂರು ಕಡೆಯವರು ಅಲ್ಲೇ ನನ್ನೊಡನೆ ಹತ್ತಿ, ಹಿಂದೆ ಕೂತು, ಗೋವಿನಕೋವಿಯಲ್ಲಿ ಇಳಿದುಹೋದರು. ಅಲ್ಲಿಂದ ಬಸ್ಸು ಎರಡು ಮೈಲಿ ದಾಟಿರಬೇಕು, ಮುಂದಿನ ಸೀಟಿನ ಕೆಳಗೆ ಮೂರು ವರ್ಷದ ಒಂದು ಹೆಣ್ಣುಮಗು ಎದ್ದು ಕೂತು ಅಳತೊಡಗಿತು. ಊರು ಕೇಳಿದರೂ "ಅವ್ವ", ಹೆಸರು ಕೇಳಿದರೂ "ಅವ್ವ".

"ಮುಂದಿನ ಸೀಟಿನಲ್ಲಿದ್ದವರು ಚನ್ನಗಿರಿಯವರು. ಇದು ಅವರದ್ದೇ ಮಗು, ಹೊನ್ನಾಳಿಗೆ ಕಳಿಸೋಣ" ಎಂದು ನಾನು ವಿಜ್ಞಾನಿಯಂತೆ ತೀರ್ಪು ಕೊಟ್ಟೆ. ಎಲ್ಲರೂ ಒಪ್ಪಿದರು. ಹೊನ್ನಾಳಿಗೆ ಹೋಗುವ ಬಸ್ಸೂ ಎದುರಿಗೆ ಬರುತ್ತಿತ್ತು. ಯಾರೋ ಮಗುವನ್ನು ಎತ್ತಿಕೊಂಡೇ ಬಿಟ್ಟರು.

"ತಡೀರಿ" ಎಂದರು ಕರಿಬಸಣ್ಣ. "ಕೂತ ಜಾಗ ನೋಡಿ ಊರು ಹೇಳಾಕೆ ಬರಂಗಿಲ್ಲ. ಬಸ್ಸು ಕುಲುಕಿದಂಗೆಲ್ಲ ಜನ ಹಿಂದಕ್ಕೂ ಮುಂದಕ್ಕೂ ಜರುಗ್ತಾರೆ. ತಂದ ಗಂಟು ನೋಡಬೇಕು."

ಮಗುವಿನ ಲಂಗದ ತುದಿಯಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಸಣ್ಣ ನವಣೆ ಉಂಡೆ. ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ನಿಂತರು. ಕಣ್ಣು ತೆರೆದಾಗ ನೀರಾಡುತ್ತಿತ್ತು. ಧೂಳು ಬಿದ್ದಿರಬೇಕು ಎಂದುಕೊಂಡೆ.

"ಜಗಳೂರಿನ ಉಂಡೆ ಇದು. ಡ್ರೈವರಣ್ಣ, ಗೋವಿನಕೋವಿಗೆ ತಿರುಗಿಸು."

ಜನ ಗೊಣಗಿದರು, ನಾನೂ ಗಡಿಯಾರ ನೋಡಿಕೊಂಡೆ. ಊರು ಇನ್ನೂ ಅರ್ಧ ಮೈಲಿ ಇರುವಾಗ ರಸ್ತೆಯ ಮೇಲೆ ಬರಿಗಾಲಲ್ಲಿ ಒಬ್ಬ ಹೆಂಗಸು ಓಡಿ ಬರುತ್ತಿದ್ದಳು. ಮಗುವನ್ನು ಕಿತ್ತುಕೊಂಡು ಮೊದಲು ಬೆನ್ನಿಗೊಂದು ಗುದ್ದಿದಳು, ಆಮೇಲೆ ಅಪ್ಪಿಕೊಂಡು ಅತ್ತಳು. ನನಗೆ ತಲೆ ಎತ್ತಲಾಗಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ವಿಜ್ಞಾನ ಮಾಸಪತ್ರಿಕೆಯಲ್ಲಿ ನಕ್ಷತ್ರಗಳ ವಿಚಾರ ಓದಿದೆ. ಅವು ಹುಟ್ಟಿದ ಕಡೆಯೇ ಇರುವುದಿಲ್ಲವಂತೆ. ಆಕಾಶಗಂಗೆಯ ನಡುವನ್ನು ಸುತ್ತುತ್ತ, ಕೋಟ್ಯಂತರ ವರ್ಷಗಳಲ್ಲಿ ಅಲ್ಲಿ ಇಲ್ಲಿ ತಳ್ಳಿಸಿಕೊಂಡು, ಒಳಗಿನವು ಹೊರಗೂ ಹೊರಗಿನವು ಒಳಗೂ ಜರುಗುತ್ತವಂತೆ. ಆದರೆ ಹುಟ್ಟುವಾಗ ಬೆರೆತ ಲೋಹದ ಅಂಶ ಹಾಗೇ ಉಳಿದು, ಬೆಳಕಿನಲ್ಲಿ ಕಾಣುತ್ತದಂತೆ. ನಡುವಿನ ಕಡೆ ಹುಟ್ಟಿದವುಗಳಲ್ಲಿ ಅದು ಹೆಚ್ಚಂತೆ, ಅದರಿಂದ ಹುಟ್ಟಿದ ಜಾಗ ಗುರುತಿಸಬಹುದಂತೆ. ನನಗೆ ಕರಿಬಸಣ್ಣನವರೇ ನೆನಪಾದರು. ಬಸ್ಸು ಹತ್ತಿದ ಕೂಡಲೇ ಹೇಳಿದೆ.

ಅವರು ಸ್ವಲ್ಪವೂ ಬೆರಗಾಗಲಿಲ್ಲ. "ಅಂಗಾರೆ ನಮ್ ಸೂರ್ಯ ಎಲ್ಲಿ ಹತ್ತಿದ್ದು ಟೀಚರಮ್ಮ?"

"ಗೊತ್ತಿಲ್ಲ."

"ಅವನ ಗಂಟಿನಾಗೂ ಏನೈತೆ ನೋಡಾಕೆ ಹೇಳ್ರಿ. ಗೊತ್ತಾಕ್ಕೈತೆ."

ಎಲ್ಲರ ಊರು ಬಲ್ಲ ಅವರ ಊರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ, "ಬಸ್ಸೇ ನಮ್ಮೂರು" ಎಂದು ಸೀಟಿ ಊದಿಬಿಡುತ್ತಿದ್ದರು. ಅವರು ಕೆಲಸ ಬಿಟ್ಟ ದಿನ ಮತ್ತೆ ಕೇಳಿದೆ. "ಇಷ್ಟು ವರ್ಷ ನೋಡೀರಿ, ನೀವೇ ಹೇಳ್ರಿ" ಎಂದು ನಕ್ಕರು. ಅವರ ಚೀಲದಲ್ಲಿ ಒಂದು ಟವೆಲ್ಲು ಬಿಟ್ಟರೆ ಏನೂ ಕಾಣಲಿಲ್ಲ. ನಾನು ಸೋತೆ. ಹೊನ್ನಾಳಿ ಸ್ಟ್ಯಾಂಡಿನ ಜನರ ನಡುವೆ ಹೋದವರು ಮತ್ತೆ ಸಿಗಲಿಲ್ಲ.

ಈಚೆಗೆ ಓದಿದೆ: ಸೂರ್ಯನಲ್ಲಿರುವ ಲೋಹದ ಅಂಶ ನೋಡಿದರೆ, ಅವನು ಈಗಿರುವುದಕ್ಕಿಂತ ಒಳಗೆ, ಆಕಾಶಗಂಗೆಯ ನಡುವಿಗೆ ಇನ್ನಷ್ಟು ಹತ್ತಿರದಲ್ಲೆಲ್ಲೋ ಹುಟ್ಟಿ ಇಲ್ಲಿಗೆ ಬಂದಿರಬೇಕಂತೆ. ಕರಿಬಸಣ್ಣನವರಿಗೆ ಹೇಳಬೇಕೆಂದು ಜೀವ ತುಡಿಯಿತು. ಯಾವ ಊರಿಗೆ ಕಾಗದ ಬರೆಯಲಿ ಎಂದು ಯೋಚಿಸುತ್ತ ಕೂತಾಗ ಆ ನವಣೆ ಉಂಡೆ ಕಣ್ಣಮುಂದೆ ಬಂತು. ತಿಂದು ಬೆಳೆಯದವನಿಗೆ ಚೂರು ಉಂಡೆಯಲ್ಲಿ ಜಗಳೂರು ಹೇಗೆ ಸಿಕ್ಕೀತು? ಅವತ್ತು ಅವರ ಕಣ್ಣಿಗೆ ಧೂಳು ಬಿದ್ದಿರಲಿಲ್ಲ.