ಸದ್ದು ನಿಂತ ಮಧ್ಯಾಹ್ನ

ಆ ಮನೆಯಲ್ಲಿ ಹಗಲು ಮಲಗುವವರು ಒಬ್ಬರು, ಹಗಲು ದುಡಿಯುವವಳು ಒಬ್ಬಳು, ಇಬ್ಬರಿಗೂ ಇದ್ದದ್ದು ಒಂದೇ ಕೋಣೆ. ಅಪ್ಪ ನೂಲಿನ ಕಾರ್ಖಾನೆಯ ಗೇಟಿನಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಮಗಳು ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡಿಕೊಡುವವಳು. ಬಿಲ್ಡರ್ ಒಂದು ನಕ್ಷೆ ಕಳಿಸಿದರೆ ಸಾಕು, ಕಿಟಕಿಯಿಂದ ಬೀಳುವ ಬಿಸಿಲಿನಿಂದ ಹಿಡಿದು ಸೋಫಾದ ಮೇಲಿನ ದಿಂಬಿನವರೆಗೆ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಎಬ್ಬಿಸಿ ನಿಲ್ಲಿಸುತ್ತಿದ್ದಳು. ಇಂಥವಳ ಸ್ವಂತ ಜಾಗವೆಂದರೆ ಕೋಣೆಯ ನಡುವೆ ಇಳಿಬಿಟ್ಟ ಬಟ್ಟೆಯ ಪರದೆಯ ಈಚೆಗೊಂದು ಮೇಜು. ಆಚೆಗೆ ಅಪ್ಪನ ಮಂಚ.

ಜಾಗವಿಲ್ಲವೆಂದು ಅವಳು ಹುಡುಕಿ ಹುಡುಕಿ ತಂದಿದ್ದ ಕಂಪ್ಯೂಟರ್ ಪೆಟ್ಟಿಗೆ ಅಂಗೈಯಗಲದ್ದು ಅನ್ನಬೇಕು. ಅದರೊಳಗೆ ತುರುಕಿದ್ದ ಗ್ರಾಫಿಕ್ಸ್ ಕಾರ್ಡ್ ಮಾತ್ರ ದೊಡ್ಡ ಮನೆತನದ್ದು. ನಕ್ಷೆಯನ್ನು ನಿಜದಂಥ ಚಿತ್ರವಾಗಿ ಮೂಡಿಸುವ ರೆಂಡರಿಗೆ ಹಾಕಿದಳೋ ಇಲ್ಲವೋ, ಕಾರ್ಡು ಕಾದ ಕಾವಲಿಯಾಗಿ, ಅದರ ಫ್ಯಾನುಗಳು ಮಿಕ್ಸಿಯ ಹಾಗೆ ಅರಚಲು ಶುರು. ಮಗಳು ಕಿವಿಗೆ ಹೆಡ್‌ಫೋನ್ ಏರಿಸಿ ಬಚಾವಾಗುತ್ತಿದ್ದಳು.

"ನಂಗೇನೂ ತೊಂದ್ರೆ ಇಲ್ಲ ಕಣೆ. ತಲೆ ದಿಂಬಿಗೆ ತಾಗಿದ್ರೆ ಮುಗೀತು, ಆಮೇಲೆ ಮನೆ ಹೊತ್ಕೊಂಡೋದ್ರೂ ಗೊತ್ತಾಗಲ್ಲ," ಎನ್ನುತ್ತಿದ್ದರು ಅಪ್ಪ. ಕಾವಲುಗಾರ ಆಡುವ ಮಾತೇ ಇದು?

ಆದರೆ ಎರಡು ವರ್ಷದಿಂದ ಅವರು ಸೊರಗುತ್ತಿದ್ದರು. ಎಂಟು ಗಂಟೆ ಮಲಗಿ ಎದ್ದರೂ ತಲೆನೋವು, ಮುಖ ಊದಿಕೊಂಡಿರುತ್ತಿತ್ತು. ಊಟದ ತಟ್ಟೆಯ ಮುಂದೆ ಜೋಂಪು. ಕ್ಷೌರದಂಗಡಿಯ ಕುರ್ಚಿಯಲ್ಲಿ ನಿದ್ದೆಹೋದವರನ್ನು ಎಬ್ಬಿಸಲು ಮನಸ್ಸಾಗದೆ ಅಂಗಡಿಯವನು ಅಂಗಡಿ ಮುಚ್ಚುವವರೆಗೂ ಕಾದಿದ್ದನಂತೆ. ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದ ಮನುಷ್ಯ, ಗೇಟಿನಲ್ಲಿ ತೂಕಡಿಸಿ ಸೂಪರ್‌ವೈಸರ್ ಕೈಗೆ ಎರಡನೇ ಸಲ ಸಿಕ್ಕಿಬಿದ್ದ ದಿನ ಮಾತ್ರ ನಗಲಿಲ್ಲ. ಮತ್ತೊಂದು ಸಲ ಕಂಡರೆ ಸೀಟಿ, ಟೋಪಿ ಒಪ್ಪಿಸಿ ಮನೆಗೆ ಹೋಗಿ ಎಂದಿದ್ದನಂತೆ ಅವನು.

ಅಮ್ಮ ಹೊಲಿಗೆ ಘಟಕದಿಂದ ಬಂದವಳೇ ಕಂಪ್ಯೂಟರಿನ ಮೇಲೆ ಗೂಬೆ ಕೂರಿಸಿದಳು. "ಎಲ್ಲ ಆ ನಿನ್ನ ಭೂತದ ಕೆಲ್ಸ! ಅದರ ಪಕ್ಕ ಮಲಗಿ ಯಾರಿಗೆ ನಿದ್ದೆ ಬರುತ್ತೆ? ನಿಮ್ಮಪ್ಪನ ಕೆಲ್ಸ ಹೋದ್ಮೇಲೆ ನಿಲ್ಸ್ತೀಯಾ ಅದನ್ನ?"

ತನ್ನದೇ ತಪ್ಪೆಂದು ಮಗಳಿಗೂ ಅನ್ನಿಸಿತ್ತು, ಮನಸ್ಸು ಚುರುಚುರು ಎನ್ನುತ್ತಿತ್ತು.

ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಕೂತಳು. ಪೆಟ್ಟಿಗೆ ಬಿಚ್ಚಿದರೆ ಒಳಗೆ ದಿಂಬಿಗೆ ತುಂಬುವಷ್ಟು ದೂಳು. ಗಾಳಿ ಒಳಬರುವ ತೂತುಗಳಿದ್ದ ಬದಿಯನ್ನು ಜಾಗ ಉಳಿಸಲು ತಾನೇ ಗೋಡೆಗೆ ಒತ್ತಿಟ್ಟಿದ್ದಳು. ಮೇಲಿನ ಫ್ಯಾನನ್ನು ತಾನೇ ತಿರುಗುಮುರುಗು ಕೂರಿಸಿದ್ದಳು. ಬಿಸಿಗಾಳಿಯನ್ನು ಹೊರಗೆ ದಬ್ಬಬೇಕಾದ ಫ್ಯಾನು ಅದನ್ನೇ ಮತ್ತೆ ಒಳಗೆ ತುಂಬುತ್ತಿತ್ತು. ಹಣೆ ಚಚ್ಚಿಕೊಂಡಳು. ದೂಳು ತೆಗೆದು, ಫ್ಯಾನು ತಿರುಗಿಸಿ, ಕಾರ್ಡಿನ ಚಿಪ್‌ಗೆ ಬಿಸಿ ಎಳೆಯುವ ಹೊಸ ಪೇಸ್ಟ್ ಹಚ್ಚಿ, ಪೆಟ್ಟಿಗೆಗೆ ರಬ್ಬರ್ ಕಾಲು ಕೊಟ್ಟು ಗೋಡೆಯಿಂದ ಈಚೆಗೆ ಎಳೆದಳು. ಕಾರ್ಡಿನ ವೋಲ್ಟೇಜನ್ನೂ ತುಸು ಇಳಿಸಿದಳು. ರೆಂಡರ್ ಸ್ವಲ್ಪ ನಿಧಾನವಾಗುತ್ತದೆ, ಆಗಲಿ. ಬಿಸಿ ಇಳಿಯಿತು, ಫ್ಯಾನುಗಳು ಪಿಸುಗುಟ್ಟುವ ಮಟ್ಟಕ್ಕೆ ಬಂದವು.

ಮರುದಿನ ಅಪ್ಪ ಪಾಳಿ ಮುಗಿಸಿ ಬಂದು, ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿ, "ಸತ್ತೋಯ್ತೇನೇ ಇದು?" ಎಂದು ನಕ್ಕು ಮಲಗಿದರು. ಮಗಳು ಎಷ್ಟೋ ದಿನಗಳ ಮೇಲೆ ಹೆಡ್‌ಫೋನ್ ಇಲ್ಲದೆ ಕೂತಳು. ಗೋಡೆ ಗಡಿಯಾರಕ್ಕೆ ಸದ್ದಿದೆ ಎನ್ನುವುದು ಅವಳಿಗೆ ಮರೆತೇ ಹೋಗಿತ್ತು. ಪರದೆಯಾಚೆ ಗೊರಕೆ ಎದ್ದಿತು. ಅಂತೂ ಅಪ್ಪನಿಗೆ ಒಳ್ಳೆಯ ನಿದ್ದೆ ಬಂತು ಎಂದು ಹಿಗ್ಗಿದಳು.

ಗೊರಕೆ ಗಕ್ಕನೆ ನಿಂತಿತು. ಮಗ್ಗುಲು ಬದಲಿಸಿರಬೇಕು ಎಂದುಕೊಂಡಳು. ಮಂಚ ಕಿರುಗುಟ್ಟಲಿಲ್ಲ. ಗಡಿಯಾರ ಟಿಕ್ ಟಿಕ್ ಎನ್ನುತ್ತಲೇ ಇತ್ತು, ಆಚೆಯಿಂದ ಉಸಿರಿನ ಸುಳಿವೇ ಇಲ್ಲ. ಪರದೆ ಎಳೆದಳು.

ಅಪ್ಪನ ಬಾಯಿ ತೆರೆದಿತ್ತು, ತುಟಿ ಕಪ್ಪಿಟ್ಟಿತ್ತು. ಎದೆಯೇನೋ ಏಳಲು ಒದ್ದಾಡುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಅವಳು ಭುಜ ಅಲುಗಿಸಲು ಬಾಗಿದಳು. ಅಷ್ಟರಲ್ಲಿ ನೀರಲ್ಲಿ ಮುಳುಗಿದವನನ್ನು ಎಳೆದು ಹಾಕಿದ ಹಾಗೆ ಅಪ್ಪ ಗೊರ್ರೆಂದು ಗಾಳಿ ಎಳೆದುಕೊಂಡರು. ಮತ್ತೆ ಗೊರಕೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮೌನ.

"ಅಪ್ಪಾ! ಅಪ್ಪಾ, ಏಳು!"

"ಏನೇ... ಬೆಂಕಿ ಬಿತ್ತಾ?"

"ನೀನು ಉಸಿರಾಡ್ತಾನೇ ಇರ್ಲಿಲ್ಲ!"

"ಉಸಿರಾಡ್ದೇ ಇದ್ದಿದ್ರೆ ನಿನ್ ಜೊತೆ ಮಾತಾಡ್ತಿರೋದು ಯಾರೇ..." ಎನ್ನುತ್ತಲೇ ಕಣ್ಣು ಮುಚ್ಚಿದರು.

ಫೋನ್ ಹಿಡಿದು ಅವಳು ವಿಡಿಯೋ ಮಾಡಿದಳು. ಹಾಗೆ ನಿಂತಿದ್ದಾಗಲೇ ಅವಳಿಗೆ ಹೊಳೆದದ್ದು, ಇದು ಇವತ್ತು ಶುರುವಾದದ್ದಲ್ಲ. ಎರಡು ವರ್ಷ, ಪ್ರತಿ ಹಗಲು, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅಪ್ಪನ ಉಸಿರು ಕಟ್ಟುತ್ತಿತ್ತು. ಅವಳು ಹೆಡ್‌ಫೋನ್ ಹಾಕಿಕೊಂಡು ಯಾರದೋ ಮನೆಯ ಸೋಫಾಕ್ಕೆ ಬಣ್ಣ ಆರಿಸುತ್ತಿದ್ದಳು.

ಸಂಜೆ ಅಮ್ಮ ವಿಡಿಯೋ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಅದನ್ನು ಎರಡನೇ ಸಲ ಹಾಕಿ ನೋಡಿದರು. "ಇದು... ನಾನೇನಾ?" ಎಂದರು ಕೊನೆಗೆ.

"ಗೊರಕೆ ಅಂದ್ಕೊಂಡಿದ್ದೆ," ಎಂದಳು ಅಮ್ಮ. "ಬರೀ ಗೊರಕೆ ಅಂದ್ಕೊಂಡಿದ್ದೆ ಕಣ್ರೀ."

ನಿದ್ದೆಯಲ್ಲಿ ಗಂಟಲು ಕುಸಿದು ಉಸಿರಿನ ದಾರಿ ಮುಚ್ಚಿಕೊಳ್ಳುತ್ತಿದೆ ಎಂದರು ಡಾಕ್ಟರು, ಪರೀಕ್ಷೆಯೆಲ್ಲ ಮುಗಿದ ಮೇಲೆ. ಉಸಿರು ಕಟ್ಟಿದಾಗಲೆಲ್ಲ ಮೆದುಳು ಅವರನ್ನು ತಟ್ಟಿ ಎಬ್ಬಿಸುತ್ತದೆ, ಹಾಗಾಗಿ ಎಷ್ಟು ಮಲಗಿದರೂ ಅದು ನಿದ್ದೆಯಲ್ಲ. ಸುಮ್ಮನೆ ಬಿಟ್ಟಿದ್ದರೆ ಹೃದಯ ಒಂದು ದಿನ ಕೈಕೊಡುತ್ತಿತ್ತು. ಮಲಗಿದಾಗ ಮೂಗಿಗೆ ಮಾಸ್ಕ್ ಹಾಕಿ ಗಾಳಿ ಊದುವ ಯಂತ್ರವೊಂದನ್ನು ಬರೆದುಕೊಟ್ಟರು. ಗೇಟಿನಲ್ಲಿ ಈಗ ಅಪ್ಪ ತೂಕಡಿಸುವುದಿಲ್ಲ, ಸೂಪರ್‌ವೈಸರ್ ಬಂದರೆ ಅವನಿಗಿಂತ ಮೊದಲೇ ಸೆಲ್ಯೂಟ್ ಹೊಡೆಯುತ್ತಾರೆ.

ಪರದೆ ಈಗ ಹಗಲೆಲ್ಲ ಅರ್ಧ ಸರಿದಿರುತ್ತದೆ. ಮೊನ್ನೆ ಬಿಲ್ಡರ್ ಒಬ್ಬ ಫೋನಿನಲ್ಲಿ ಅಡುಗೆಮನೆಯ ಟೈಲ್ಸಿನ ಬಗ್ಗೆ ಮಾತಾಡುತ್ತಿದ್ದವನು ನಡುವೆ ನಿಲ್ಲಿಸಿ, "ಅದೇನ್ರೀ ಹಿಂದ್ಗಡೆ ಗುಂಯ್ ಅಂತಿದೆ? ಕಂಪ್ಯೂಟರ್ ಫ್ಯಾನಾ? ಸ್ವಲ್ಪ ಆಫ್ ಮಾಡ್ರಿ," ಎಂದ.

"ಆಗಲ್ಲ ಸಾರ್," ಎಂದಳು ಅವಳು, ಮಂಚದ ಕಡೆಯಿಂದ ಕಣ್ಣು ಕೀಳದೆ. "ಅದು ನಮ್ಮಪ್ಪನ ಉಸಿರು."