ಲೈನ್ ತಗೊಂಡಾಕಿ

ಕಲಘಟಗಿ ತಾಲ್ಲೂಕಿಗೆ ಕೆಲಸಕ್ಕೆ ಬಂದ ಮೊದಲ ವಾರದಲ್ಲೇ, ದೇವಿಕೊಪ್ಪದ ಬಸ್ ನಿಲ್ದಾಣದಲ್ಲಿ, ಮೀಸೆ ನರೆತ ನಾಲ್ಕಾರು ಗಂಡಸರು ನನ್ನನ್ನು ಸುತ್ತುವರಿದು, "ಯವ್ವಾ, ಲೈನ್ ಯಾವಾಗ ಕೊಡ್ತಿ? ಲಗೂನ ಕೊಡವಾ!" ಎಂದರು.

ನಮ್ಮ ಮಂಡ್ಯದ ಕಡೆ ಯಾರಾದರೂ ಹೀಗೆ ಕೇಳಿದ್ದರೆ ಕಾಲಿನ ಚಪ್ಪಲಿ ಕೈಗೆ ಬಂದಿರುತ್ತಿತ್ತು. ನಮ್ಮಲ್ಲಿ ಲೈನು ಹೊಡೆಯುವವರು ಯಾರು, ಕೊಡುವವರು ಯಾರು ಎಂದು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮುಖ ಕೆಂಪಾಯಿತು. ಆಮೇಲೆ ನೋಡಿದರೆ ಆ ಹಿರಿಯರ ಕಣ್ಣು ಇದ್ದದ್ದು ನನ್ನ ಸೊಂಟದ ಪಟ್ಟಿಗೆ ಸಿಕ್ಕಿಸಿದ್ದ ಇಕ್ಕಳದ ಮೇಲೆ. ಅವರಿಗೆ ಬೇಕಾಗಿದ್ದದ್ದು ಬೋರ್‌ವೆಲ್ ಪಂಪಿಗೆ ಕರೆಂಟು. ನಾನು ಇಲ್ಲಿಗೆ ಬಂದಿರುವುದು ಲೈನ್‌ಮನ್ ಆಗಿ. ಹೆಂಗಸಾದರೇನು, ಜನರ ಬಾಯಲ್ಲಿ ಹುದ್ದೆಯ ಹೆಸರು ಅದೇ. ತಿಂಗಳು ತುಂಬುವುದರೊಳಗೆ ನಾನು 'ಲೈನ್‌ಮನ್ ಅಕ್ಕಾರು' ಆಗಿಬಿಟ್ಟಿದ್ದೆ.

ಇಂಗ್ಲಿಷಿನವರು 'ಲೈನ್' ಎಂಬ ಈ ಪದವನ್ನು ಯಾವುದಕ್ಕೆ ಮಾಡಿದ್ದರೋ ಕಾಣೆ, ಇಲ್ಲಿಯವರು ಅದರ ಕೈಲಿ ಮನೆಗೆಲಸವನ್ನೆಲ್ಲ ಮಾಡಿಸುತ್ತಾರೆ. ಕರೆಂಟು ಬಂದರೆ ಲೈನ್ ಬಂತು. ಫೋನು ತಾಗದಿದ್ದರೆ ಲೈನ್ ಸಿಗವಲ್ದು. ಮಿಶ್ರಿಕೋಟಿಗೆ ಹೋಗುವ ಬಸ್ಸು ಮಿಶ್ರಿಕೋಟಿ ಲೈನಿನದು. ಕುಡಿಯುವುದು ಬಿಟ್ಟು ಹೊಲದ ಕಡೆ ಮುಖ ಮಾಡಿದ ಗಂಡ ಲೈನಿಗೆ ಬಂದ. ಸಂತೆಯಲ್ಲಿ ಬಳೆ ಮಾರುವ ಕಾಕಾ ತನ್ನ ಕಸುಬನ್ನು "ನಮ್ಮ ಲೈನ್" ಎನ್ನುತ್ತಾನೆ. ನಾನು ಬಾಡಿಗೆಗೆ ಹಿಡಿದ ಕೋಣೆಯೂ ಲೈನ್ ಮನೆಯದೇ. ಒಂದೇ ಗೋಡೆಗೆ ಅಂಟಿಕೊಂಡ ಐದು ಬಾಗಿಲು, ಕೊನೆಯದು ನನ್ನದು. ನಾವಾದರೆ ವಠಾರ ಎನ್ನುತ್ತಿದ್ದೆವು. ಈ ಐದು ಬಾಗಿಲಿನೊಳಗೆ ಒಬ್ಬಳೇ ಇರುವವಳು ನಾನು ಮಾತ್ರ.

ಮನೆ ಸಿಕ್ಕಿತು, ಊಟ ಒಗ್ಗಲಿಲ್ಲ. ಬೆಳಗಾದರೆ ನಾಲ್ಕು ಬಾಗಿಲಿನಿಂದ ಜೋಳದ ರೊಟ್ಟಿ ಬಡಿಯುವ ಸಪ್ಪಳ, ನನ್ನ ಬಾಗಿಲಿನಿಂದ ಕುಕ್ಕರಿನ ಸೀಟಿ. ಒಂದು ದಿನ ಊರಿನಿಂದ ತಂದ ಹಿಟ್ಟಿನಲ್ಲಿ ಮುದ್ದೆ ತಿರುವಿದೆ. ಪಕ್ಕದ ಮನೆಯ ನೀಲವ್ವ ಬಾಗಿಲಲ್ಲೇ ನಿಂತು ನೋಡಿ, "ಇದನ್ನ ಹೆಂಗ ಕಡೀತೀರಿ?" ಎಂದಳು. ಕಡಿಯುವುದಿಲ್ಲ, ನುಂಗುವುದು ಎಂದೆ. "ಅಯ್ ಶಿವನ! ಹಲ್ಲ ಯಾಕ ಕೊಟ್ಟಾನ ದೇವರು?" ಎಂದು ಅವಳು ನಕ್ಕ ನಗೆಗೆ ಸಾಲಿನ ಮಂದಿಯೆಲ್ಲ ಹೊರಗೆ ಬಂದರು. ನಾನೂ ನಕ್ಕೆ. ಬಾಗಿಲು ಹಾಕಿಕೊಂಡ ಮೇಲೆ ಅತ್ತೆ. ಭಾಷೆ ಕನ್ನಡವೇ, ರಾಜ್ಯ ಒಂದೇ. ಆದರೆ ನಾನು 'ಕಣೇ' ಎಂದರೆ ಓಗೊಡಲು ಇಲ್ಲಿ ಒಬ್ಬಳಾದರೂ ಇಲ್ಲ. ಭಾನುವಾರಗಳಂತೂ ಬಲು ಉದ್ದ. ಬಟ್ಟೆ ಒಗೆದು, ಒಣಗಿಸಿ, ಮಡಚಿಟ್ಟ ಮೇಲೂ ಬಿಸಿಲು ಇಳಿದಿರುವುದಿಲ್ಲ.

ದಿನವೂ ತಪ್ಪದೆ ನನ್ನ ಜೊತೆ ಮಾತಾಡುತ್ತಿದ್ದವನು ಈರಪ್ಪ ಕಾಕಾ. ಅವನ ಮುಖವನ್ನು ನಾನು ಇಂದಿಗೂ ಕಂಡಿಲ್ಲ. ಊರೂರಿಗೆ ಕರೆಂಟು ಹಂಚುವ ಸ್ಟೇಷನ್ನಿನಲ್ಲಿ ಅವನ ಡ್ಯೂಟಿ. ನಾವು ಕಂಬ ಹತ್ತುವ ಮೊದಲು ಅವನಿಗೆ ಫೋನು ಮಾಡಿ ಆ ಕಡೆಯ ಕರೆಂಟು ತೆಗೆಸಬೇಕು. ಇದಕ್ಕೆ ಲೈನ್ ಕ್ಲಿಯರ್ ತೆಗೆದುಕೊಳ್ಳುವುದು ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಕೊಡಬೇಕು. ಯಾರು ತೆಗೆದುಕೊಂಡರೋ ಅವರೇ ಕೊಡಬೇಕು. ಬೇರೆ ಯಾರು ಹೇಳಿದರೂ ಅವನು ಕರೆಂಟು ಬಿಡುವ ಹಾಗಿಲ್ಲ.

"ಹೇಳವಾ," ಎನ್ನುತ್ತಾನೆ ಕಾಕಾ.

"ದೇವಿಕೊಪ್ಪ ಲೈನ್ ಬೇಕ್ರಿ ಕಾಕಾ."

"ತಗದೀನಿ. ಹುಷಾರಿಲೆ ಹತ್ತು."

ಇಷ್ಟೇ ಮಾತು. ಉಂಡೆಯಾ ಎಂದು ಅವನು ಕೇಳುವುದಿಲ್ಲ, ಊರು ನೆನಪಾಗುತ್ತದೆ ಎಂದು ನಾನು ಹೇಳುವುದಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಜಿಲ್ಲೆಯಿಂದ ಒಂದು ಫೋನು ಬಂತು. ಮಾತಾಡಿದವನು ಹುಬ್ಬಳ್ಳಿ ಕಡೆಯವನು, ನಮ್ಮೂರ ಪಕ್ಕದಲ್ಲೇ ಲೈನ್‌ಮನ್. "ಅಕ್ಕಾರ, ಅದಲಿ ಬದಲಿ ಮಾಡ್ಕೊಳ್ಳೂಣು. ನೀವು ಇಲ್ಲಿಗೆ ಬರ್ರಿ, ನಾ ಅಲ್ಲಿಗೆ ಬರ್ತೀನಿ. ಮುದ್ದಿ ನುಂಗಿ ನುಂಗಿ ಸಾಕಾಗೇತ್ರಿ ನನಗ," ಎಂದ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅವನು ಮುಂದುವರಿದು, "ಇಲ್ಲಿ ನಿಮಗ ಕಂಬ ಹತ್ತೂ ಕೆಲಸಾನ ಇಲ್ರಿ. ಹೆಣ್ಣುಮಗಳಂತ ಆಫೀಸಿನಾಗ ಕೂಡಸ್ತಾರ, ಆರಾಮ," ಎಂದ. ಆ ಮಾತು ಹಿಡಿಸದಿದ್ದರೂ ಹೂಂ ಎಂದೆ. ಅವ್ವನಿಗೆ ಹೇಳಿದೆ, ಅವಳು ಬೀದಿಗೆಲ್ಲ ಹೇಳಿದಳು. ಅರ್ಜಿಗೆ ಸೈನು ಹಾಕುವುದೊಂದು ಬಾಕಿ.

ಕಾಕಾಗೂ ಹೇಳಿದೆ. "ಹೋಗವಾ, ತವರ ಯಾರಿಗೆ ಬ್ಯಾಡಾಗೇತಿ?" ಎಂದ. ಆಮೇಲೆ, "ನಿನ್ನ ಧ್ವನಿ ರೂಢಿ ಆಗಿತ್ತು. ಇನ್ನ ಮತ್ತೊಂದ ಧ್ವನಿ ಕಲೀಬೇಕು," ಎಂದ.

ಸೈನು ಹಾಕಬೇಕಾಗಿದ್ದ ದಿನದ ಹಿಂದಿನ ಸಂಜೆ ಗಾಳಿ ಬೀಸಿ ನೀಲವ್ವನ ಹೊಲದ ಬಳಿ ತಂತಿ ತುಂಡಾಯಿತು. ಬೆಳಿಗ್ಗೆ ಕಾಕಾನಿಂದ ಲೈನು ತೆಗೆದುಕೊಂಡು ಕಂಬ ಹತ್ತಿದೆ. ನನ್ನ ಜೊತೆ ಬಂದಿದ್ದ ಕೆಲಸಗಾರ ಬೇಕಾದ ಸಾಮಾನು ತರಲು ಕಲಘಟಗಿಗೆ ಹೋದ. ಮಧ್ಯಾಹ್ನ ಕೆಳಗಿನಿಂದ ನೀಲವ್ವ ಕೂಗಿದಳು: "ಇಳದು ಬಾರವಾ, ಬುತ್ತಿ ಬಿಚ್ಚಬೇಕು!" ಬುತ್ತಿ ಎಂದರೆ ಹೊಲಕ್ಕೆ ಕಟ್ಟಿ ತಂದ ಊಟದ ಗಂಟು. ಕಣ್ಣಿಗೆ ಕಾಣುವ ಮನುಷ್ಯರನ್ನು ಕರೆಯದೆ ಅದನ್ನು ಬಿಚ್ಚುವ ಹಾಗಿಲ್ಲ, ಇದು ಇಲ್ಲಿಯ ಹೊಲದ ಪದ್ಧತಿ. ಕೆಲಸ ಇನ್ನೂ ಅರ್ಧ ಬಾಕಿ ಇದೆ ಎಂದರೆ, "ನೀ ಮ್ಯಾಲ ಇದ್ರ ನಾ ಹೆಂಗ ಉಣ್ಲಿ ಬೇ?" ಎಂದು ಜಗಳಕ್ಕೇ ಬಂದಳು. ಇಳಿದೆ. ಬೇವಿನ ಮರದಡಿ ಕೂತು ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಎಲ್ಲ ತಿಂದೆ. ಫೋನನ್ನು ಚೀಲದಲ್ಲೇ ಬಿಟ್ಟು ಮತ್ತೆ ಹತ್ತಿದೆ.

ಕೆಲಸ ಮುಗಿಸಿ ಇಳಿದು ನೋಡಿದರೆ ಫೋನಿನ ತುಂಬ ಕಾಕಾನ ಕರೆಗಳು. ಲೈನು ವಾಪಸ್ ಕೊಡಲು ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಗದರಿದ.

"ಎಲ್ಲಿದ್ದಿ? ಕಂಬದ ಮ್ಯಾಲ ಇದ್ದೀಯೋ, ಕೆಳಗ ಇದ್ದೀಯೋ?"

"ಈಗ ಇಳದೆ ಕಾಕಾ. ಯಾಕ್ರಿ?"

"ಆ ನೀಲವ್ವನ ಮಗ ಫೋನ್ ಮಾಡಿದ್ದ. ಅಕ್ಕಾರು ಇಳದು ಉಣ್ಣಾಕತ್ಯಾರ, ಕೆಲಸ ಮುಗದೈತಿ, ಲೈನ್ ಬಿಡ್ರಿ ಅಂದ. ಉಣ್ಣಾಕತ್ಯಾಳ ಅಂದ್ರ ನನಗೇನು? ಲೈನ್ ತಗೊಂಡಾಕಿ ಬಾಯಿಂದ ಕೇಳಬೇಕಲ್ಲ! ಆವಾಗಿಂದ ಊರ ಮಂದಿ ಎಲ್ಲಾರೂ ಬಯ್ಯಾಕತ್ತಾರ. ಬಯ್ಯಲಿ. ನಿನ್ನ ಧ್ವನಿ ಕೇಳೂತನಕ ಸ್ವಿಚ್ಚಿಗೆ ಕೈ ಹಚ್ಚಿಲ್ಲ."

ನಾನು ಅಲ್ಲೇ ಬದುವಿನ ಮೇಲೆ ಕೂತೆ. ತಪ್ಪಿ ಕರೆಂಟು ಬಂದರೂ ನೆಲಕ್ಕಿಳಿಯುವಂತೆ ತಂತಿಗೆ ಅರ್ತಿಂಗ್ ಹಾಕಿದ್ದೆ ನಿಜ. ಅದನ್ನೇ ನಂಬಿ ನೆಮ್ಮದಿಯಾಗಿರಲು ನಮ್ಮ ಕಸುಬಿನವರು ಯಾರಿಂದಲೂ ಆಗದು. ನೀಲವ್ವನ ಮಗ ಬಸು ದೂರದ ಪಂಪಿನ ಮನೆಯಿಂದ ನಾನು ಉಣ್ಣುವುದನ್ನು ನೋಡಿ, ಕೆಲಸ ಮುಗಿಯಿತೆಂದು ತಿಳಿದು ಫೋನು ಮಾಡಿದ್ದ. ಕಬ್ಬಿಗೆ ನೀರು ಹಾಯಿಸುವ ಆತುರ ಅವನಿಗೆ. "ತಪ್ಪಾತ್ರಿ ಅಕ್ಕಾರ," ಎನ್ನುತ್ತ ಎದುರಿಗೆ ನಿಂತ. "ನಿನ್ನ ಬಾಯಾಗ ಮಣ್ಣ ಹಾಕ್ಲಿ!" ಎಂದು ನೀಲವ್ವ ಅವನನ್ನು ಅಟ್ಟಿಸಿಕೊಂಡು ಹೋದಳು. ತಿರುಗಿ ಬಂದು, ನನ್ನ ಕೈಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಪಕ್ಕದಲ್ಲಿ ಕೂತಳು.

"ಕಾಕಾ, ಲೈನ್ ವಾಪಸ್ ತಗೊಳ್ರಿ," ಎಂದೆ. "ಆತವಾ," ಎಂದು ಫೋನಿಟ್ಟ.

ಸಂಜೆ ಹುಬ್ಬಳ್ಳಿ ಕಡೆಯವನಿಗೆ ಫೋನು ಮಾಡಿ ಆಗುವುದಿಲ್ಲ ಎಂದೆ. ಅವನು ಬೇಡಿಕೊಂಡ, ಬೈದ, ಕೊನೆಗೆ ನಿಟ್ಟುಸಿರು ಬಿಟ್ಟ. ಅವನ ಒಂಟಿತನ ನನಗೆ ಗೊತ್ತಿಲ್ಲದ್ದೇ? ನನ್ನದೇನೂ ಆ ಒಂದು ಮಧ್ಯಾಹ್ನದಿಂದ ಕಳೆದುಹೋಗಲಿಲ್ಲ. ಅಂದು ಸಂಜೆಯೂ ಕೊನೆಯ ಬಾಗಿಲಿನೊಳಗೆ ನಾನೊಬ್ಬಳೇ. ಆದರೆ ಆಫೀಸಿನ ಕುರ್ಚಿಯಲ್ಲಿ ಕೂತರೆ ಯಾವ ಸ್ಟೇಷನ್ನಿನವರು ನನ್ನ ಧ್ವನಿಗಾಗಿ ಕಾಯುತ್ತಾರೆ?

ಇನ್ನು ಅವ್ವನಿಗೆ ಹೇಳಬೇಕಿತ್ತು. ಧೈರ್ಯ ಸಾಲದೆ ಎಂದಿನ ಹೊತ್ತು ಮೀರಿಸಿ ಫೋನು ಮಾಡಿದೆ.

"ಯಾಕವ್ವಾ ಇಷ್ಟೊತ್ತು? ಸೈನ್ ಹಾಕ್ದಾ?"

"ಇಲ್ಲ ಕಣವ್ವ. ಈ ವರ್ಸ ಬ್ಯಾಡ."

ಅತ್ತ ಕಡೆ ಮಾತಿಲ್ಲ. ಲೈನು ಕಡಿಯಿತೇನೋ ಎಂದು, "ಅವ್ವಾ, ಅವ್ವಾ," ಎಂದೆ.

"ಇಲ್ಲೇ ಇವ್ನಿ," ಎಂದಳು. "ಉಂಡ್ಯಾ?"

"ರೊಟ್ಟಿ ಉಂಡೆ. ನೀನು?"

"ತಟ್ಟೆ ಮುಂದಿಟ್ಕೊಂಡು ಕೂತಿವ್ನಿ. ದಿನಾಲೂ ಹಂಗೇಯ. ನಿನ್ ಧ್ವನಿ ಕೇಳ್ದೆ ಹೆಂಗವ್ವ ಉಣ್ಲಿ?" ಎಂದಳು ಅವ್ವ. "ಈಗ ಉಣ್ತೀನಿ, ಇಡು."