ಅಳಿಯನ ಟವೆಲ್ಲಿನಲ್ಲಿ ಮಡಿಲಕ್ಕಿ

ನನ್ನ ಎರಡು ಕಿಡ್ನಿಯೂ ಕೆಟ್ಟವು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದೆ. ನೀರು ಅಳೆದು ಕುಡಿಯಬೇಕು, ಹಣ್ಣು ಮುಟ್ಟಬಾರದು. ಮಾವಿನ ಕಾಲದಲ್ಲಿ ಹಣ್ಣಿನ ಮಂಡಿ ಮುಂದೆ ಬಸ್ಸು ನಿಂತರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಅದೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಬೇರೆ.

ಮಗನಿಗೆ ಸಕ್ಕರೆ ಕಾಯಿಲೆ, ಅವನ ಕಿಡ್ನಿ ಬೇಡ ಎಂದರು ಡಾಕ್ಟರು. ಮಗಳದು ಹೊಂದಿತು. ಅವಳನ್ನು ತಾಯಲೂರಿಗೆ ಕೊಟ್ಟು ಎಷ್ಟೋ ವರ್ಷವಾಗಿದೆ. ಕೊಟ್ಟ ಹೆಣ್ಣಿನ ಮನೆಯಿಂದ ನಾವು ಒಂದು ಹಿಡಿ ರಾಗಿಯನ್ನೂ ತರುವುದಿಲ್ಲ. ಅವಳು ಬಂದರೆ ಮಡಿಲು ತುಂಬದೆ ಕಳಿಸುವುದಿಲ್ಲ. ಅಂಥದ್ದರಲ್ಲಿ ಅವಳ ಹೊಟ್ಟೆ ಕೊಯ್ದು ತೆಗೆದುಕೊಳ್ಳುವುದೆ? ಅದಕ್ಕೆ ಅಳಿಯನೂ ಒಪ್ಪಬೇಕಂತೆ. ಅವನೆದುರು ನಾನು ಇವತ್ತಿಗೂ ಕುರ್ಚಿಯ ಮೇಲೆ ಕೂತವಳಲ್ಲ.

"ನಂಗೆ ಬ್ಯಾಡ. ಸಾಯ್ತೀನಿ," ಎಂದೆ.

"ಸಾಯೋಳು ಇಷ್ಟು ದಿನ ಬಸ್ಸು ಯಾಕ್ ಹತ್ತಿದೆ? ಸುಮ್ನಿರಮ್ಮ," ಎಂದಳು ಮಗಳು.

ಅವಳು ಹೇಳಿದ್ದು ಸುಳ್ಳಲ್ಲ. ನನಗೆ ಬದುಕುವ ಆಸೆ ಇತ್ತು. ನಾಚಿಕೆಗೆ ಅದೇ ಕಾರಣ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. "ಅಜ್ಜಿ, ಚೆನ್ನಾಗಿ ಮೂತ್ರ ಬರ್ತಿದೆ," ಎಂದು ನರ್ಸಮ್ಮ ಹಬ್ಬದ ಸುದ್ದಿಯಂತೆ ಹೇಳಿದಳು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಪಕ್ಕದ ವಾರ್ಡಿನಲ್ಲಿ ಮಗಳು ಮಗ್ಗುಲು ಬದಲಿಸಲಾಗದೆ ನರಳುತ್ತಿದ್ದಳು.

ಕೆಲವು ವಾರ ಕಳೆದು ಅವಳು ಗಂಡನ ಜೊತೆ ನನ್ನನ್ನು ನೋಡಲು ಬಂದಳು. ಅವಳನ್ನು ಬರಿಮಡಿಲಲ್ಲಿ ಕಳಿಸಬಾರದು ಎಂದು ಹಟ ಹಿಡಿದೆ. ಯಾವತ್ತಿಗಿಂತ ಹೆಚ್ಚೇ ಅಕ್ಕಿ ಸುರಿದೆ. ಮೇಲೆ ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ರವಿಕೆ ಬಟ್ಟೆ. ಸೆರಗು ಬಿಗಿಯಾಗಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿದೆ. ಅವಳು ತುಟಿ ಕಚ್ಚಿ ನಿಂತಿದ್ದಳು. ತವರು ಬರಿದಾಗಬಾರದೆಂದು ಹೆಣ್ಣುಮಕ್ಕಳು ಆ ಅಕ್ಕಿಯಲ್ಲಿ ಒಂದು ಹಿಡಿ ವಾಪಸು ಹಾಕುತ್ತಾರೆ. ಹಾಗೆ ಬಗ್ಗಿ ಮೊರಕ್ಕೆ ಹಾಕಿದವಳು "ಅಮ್ಮಾ" ಎಂದು ಅಲ್ಲೇ ಕುಕ್ಕರಿಸಿದಳು. ಭಾರ ಪೂರ್ತಿ ಹೊಲಿಗೆಯ ಮೇಲೆ ಬಿದ್ದಿತ್ತು. ಭಾರ ಹೊರಬಾರದು ಎಂದು ಡಾಕ್ಟರು ಹೇಳಿದಾಗ ನಾನೂ ಅಲ್ಲೇ ಇದ್ದೆ. ಬಿಂದಿಗೆ, ಸೌದೆ ಅಂದುಕೊಂಡಿದ್ದೆ. ಮಡಿಲಕ್ಕಿಯನ್ನು ಯಾರು ಭಾರ ಅನ್ನುತ್ತಾರೆ?

ಮೊರದಲ್ಲಿ ಅವಳು ಹಾಕಿದ ಹಿಡಿ ಅಕ್ಕಿ ಇತ್ತು. ಇಷ್ಟು ಕೊಟ್ಟ ಮೇಲೂ ಕೊಡುತ್ತಲೇ ಇದ್ದಳು. ನನಗೆ ತಲೆ ಎತ್ತಲಾಗಲಿಲ್ಲ.

ಅಳಿಯ ಹತ್ತಿರ ಬಂದ. ಅವಳ ಸೆರಗು ಬಿಚ್ಚಿ ಅಷ್ಟನ್ನೂ ತನ್ನ ಟವೆಲ್ಲಿಗೆ ಸುರಿದುಕೊಂಡ, ಗಂಟು ಹಾಕಿ ಸೊಂಟಕ್ಕೆ ಅವುಚಿಕೊಂಡ.

"ಅಯ್ಯೋ, ಗಂಡಸರು ಅದನ್ನ ಹೊರಬಾರ್ದು! ಬೀದಿಲಿ ನಗ್ತಾರೆ," ಎಂದೆ.

"ನಗ್ಲಿ ಬಿಡಿ ಅತ್ತೆ. ಇಷ್ಟು ವರ್ಷ ಇವಳಿಗೊಬ್ಬಳಿಗೇ ತುಂಬಿದ್ರಿ. ಈಗ ನಂಗೂ ಬಂತಲ್ಲ."

ಮಗಳು ಹೊಟ್ಟೆ ಹಿಡಿದುಕೊಂಡೇ ನಕ್ಕಳು. "ನಗಿಸ್ಬ್ಯಾಡ್ರಿ, ನೋಯ್ತದೆ."

ಬಸ್ ಸ್ಟ್ಯಾಂಡಿನವರೆಗೆ ಹೋಗಲು ನನಗೆ ಅಪ್ಪಣೆಯಿಲ್ಲ, ಜನಜಂಗುಳಿ ಕೂಡದು. ಮಾಸ್ಕು ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಎದುರು ಮನೆಯವಳು ಕೂಗಿದಳು: "ಏನಮ್ಮಾ, ಅಳಿಯನಿಗೇ ಮಡಿಲು ತುಂಬಿದ್ಯಾ?"

"ಹೂಂ, ತುಂಬಿದೆ," ಎಂದೆ. "ಇಲ್ದಿದ್ರೆ ಯಾವ ಮುಖ ಇಟ್ಕೊಂಡು ಕಳಿಸ್ಲಿ?"

ಮಾಸ್ಕು ಇದ್ದದ್ದು ಒಳ್ಳೆಯದಾಯಿತು.